ಹಲ್ಲಿನ ಕ್ಲಿಪ್ ಬಿಗಿ ಮಾಡಿಸಿದ್ರೆ ಬೇಗ ಮುಗಿಯುತ್ತಾ? ಇಲ್ಲ, ಕಾರಣ ಇಲ್ಲಿದೆ

ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸಿದ ಮನೆಗಳಲ್ಲಿ ಒಂದು ಪ್ರಶ್ನೆ ಸಾಮಾನ್ಯ: ಇನ್ನೂ ಸ್ವಲ್ಪ ಬಿಗಿ ಮಾಡಿದ್ರೆ ಬೇಗ ಮುಗಿಯಲ್ವಾ? ಮುಗಿಯಲ್ಲ. ಉಲ್ಟಾ ತಡವಾಗಬಹುದು, ಹಲ್ಲಿನ ಬೇರೂ ಸವೆಯಬಹುದು.

ಹಲ್ಲು ಗೋಡೆಗೆ ಹೊಡೆದ ಮೊಳೆ ಅಲ್ಲ. ಬೇರು ಮತ್ತು ದವಡೆ ಮೂಳೆಯ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ಅದರಲ್ಲೇ ರಕ್ತನಾಳಗಳೂ ಇವೆ. ತಂತಿ ಹಲ್ಲನ್ನು ತಳ್ಳಿದಾಗ ಒಂದು ಬದಿಯಲ್ಲಿ ಈ ಪದರ ಒತ್ತಿಕೊಳ್ಳುತ್ತೆ, ಇನ್ನೊಂದು ಬದಿಯಲ್ಲಿ ಜಗ್ಗುತ್ತೆ. ಒತ್ತಿದ ಕಡೆ ಮೂಳೆ ಕರಗುತ್ತೆ, ಜಗ್ಗಿದ ಕಡೆ ಹೊಸ ಮೂಳೆ ಕಟ್ಟುತ್ತೆ. ಹಲ್ಲು ಸರಿಯೋದು ಹೀಗೆ, ತಿಂಗಳಿಗೆ ಹೆಚ್ಚೂಕಡಿಮೆ 1 ಮಿ.ಮೀ. ಸ್ವೀಡನ್‌ನ ಕಾರ್ಲ್ ಸ್ಯಾಂಡ್‌ಸ್ಟೆಡ್ ನಾಯಿಗಳ ಹಲ್ಲಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿ 100 ವರ್ಷ ದಾಟಿದೆ.

50 ಗ್ರಾಂ ಸಾಕು

ಒಂದು ಹಲ್ಲನ್ನು ವಾಲಿಸಲು 35ರಿಂದ 60 ಗ್ರಾಂನಷ್ಟು ಬಲ ಸಾಕು. ಅಂಗಡಿಯ 50 ಗ್ರಾಂ ಬಟ್ಟನ್ನು ಅಂಗೈ ಮೇಲಿಟ್ಟಷ್ಟು ಭಾರ. ಬೇರಿನ ಸಮೇತ ನೆಟ್ಟಗೆ ಸರಿಸಲು ಸುಮಾರು ಇದರ ಎರಡರಷ್ಟು ಬೇಕು. ಬಲ ಅತಿಯಾದರೆ ಪದರದ ರಕ್ತನಾಳ ಮುಚ್ಚಿ, ಅಲ್ಲಿನ ಜೀವಕೋಶಗಳು ಸಾಯುತ್ತವೆ. ಮೂಳೆ ಕರಗಿಸುವ ಕೋಶಗಳು ಆಗ ಹಿಂದಿನಿಂದ ಸುತ್ತಿ ಬರಬೇಕು. ಅಲ್ಲಿವರೆಗೆ ವಾರಗಟ್ಟಲೆ ಹಲ್ಲು ನಿಂತಲ್ಲೇ ನಿಲ್ಲುತ್ತೆ, ನೋವು ಮಾತ್ರ ಹೆಚ್ಚು.

ಬೇಲಿ ಕಂಬದ ಲೆಕ್ಕ

ಎಲ್ಲಿ ತಳ್ಳುತ್ತೇವೆ ಅನ್ನೋದೂ ಮುಖ್ಯ. ಬೇಲಿ ಕಂಬದ ತುದಿ ತಳ್ಳಿದರೆ ಕಂಬ ವಾಲುತ್ತೆ, ಜಾಗ ಬಿಟ್ಟು ಸರಿಯಲ್ಲ. ಹಲ್ಲೂ ಅಷ್ಟೇ. ಕ್ಲಿಪ್ ಅಂಟಿರೋದು ಮೇಲೆ, ಹಿಡಿತ ಇರೋದು ಒಳಗಿನ ಬೇರಿನಲ್ಲಿ. ಅದಕ್ಕೇ ವೈದ್ಯರು ಮೊದಲು ದುಂಡು ತಂತಿ ಹಾಕಿ, ಆಮೇಲೆ ಚೌಕಾಕಾರದ ತಂತಿಗೆ ಬದಲಿಸ್ತಾರೆ. ಚೌಕ ತಂತಿ ಕ್ಲಿಪ್ಪಿನ ಗಾಡಿಯಲ್ಲಿ ತಿರುಗದೆ ಕೂತು, ವಾಲುವ ಹಲ್ಲಿಗೆ ಎದುರು ತಿರುಚು ಕೊಡುತ್ತೆ.

ರಬ್ಬರ್ ಬ್ಯಾಂಡ್ ಬೇಡ

ಮುಂದಿನ ಹಲ್ಲಿನ ಸಂದು ಮುಚ್ಚಲು ಕೆಲವರು ಮನೆಯಲ್ಲೇ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಬೇರು ಕೆಳಗೆ ಸಣ್ಣಗಾಗುತ್ತಾ ಹೋಗೋದರಿಂದ ಬ್ಯಾಂಡ್ ಜಾರಿ ಒಸಡಿನೊಳಗೆ ಸೇರುತ್ತೆ, ಮೂಳೆ ತಿನ್ನುತ್ತೆ. ಗಟ್ಟಿಮುಟ್ಟಾದ ಹಲ್ಲೇ ಉದುರಿದ ಉದಾಹರಣೆಗಳಿವೆ.

ಕ್ಲಿಪ್ ಹಾಕಿಸುವ ಮುನ್ನ ವೈದ್ಯರು ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದ್ದಾರಾ ಎಂದು ಕೇಳಿ. ಕ್ಲಿಪ್ ತೆಗೆದ ಮೇಲೂ ರಿಟೇನರ್ ಹೇಳಿದಷ್ಟು ಕಾಲ ಹಾಕಲೇಬೇಕು. ಒಸಡಿನ ನಾರು ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಅಷ್ಟರೊಳಗೆ ಬಿಟ್ಟರೆ ಹಲ್ಲು ಹಳೇ ಜಾಗಕ್ಕೇ ವಾಪಸ್, ಖರ್ಚು ಮಾಡಿದ ದುಡ್ಡೂ ವ್ಯರ್ಥ.