ಅವ್ವನ ವಹಿ ಮತ್ತು ಅರವತ್ನಾಲ್ಕು ಅಕ್ಷರ: ಸಂಕೇತರೂಪದ ಚಿತ್ರವನ್ನು ಮೊಬೈಲ್ ಆ್ಯಪ್‌ನಲ್ಲಿ ಬಿಡಿಸುವ ಬಗೆ

ದನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಾನು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಯಳವಿಯವನು, ಕನ್ನಡ ಎಂ.ಎ. ವಿದ್ಯಾರ್ಥಿ. ತಂತ್ರಾಂಶ ಓದಿದವನಲ್ಲ. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣ ನಮ್ಮವ್ವನ ಒಂದು ವಹಿ.

1. ಸಮಸ್ಯೆ

ನಮ್ಮ ಆಯಿ ಹಾಡುತ್ತಿದ್ದ ಬೀಸುವ ಪದ, ಸೋಬಾನ ಪದಗಳನ್ನು ಅವ್ವ ಒಂದು ವಹಿಯೊಳಗೆ ಬರೆದಿಟ್ಟಿದ್ದಳು. ಗಡಿಭಾಗದ ಹಾಡುಗಳನ್ನು ಕೂಡಿಸಲು ನಾನೂ ಇಬ್ಬರು ಗೆಳೆಯರೂ ಸಣ್ಣದೊಂದು ಆ್ಯಪ್ ಮಾಡ್ತಾ ಇದ್ದೆವು. ಪುಟಗಳ ಫೋಟೊ ತೆಗೆದು ಸರ್ವರಿಗೆ ಏರಿಸಿ, ಫೋನಿನಲ್ಲಿ ಜಾಗ ಸಾಲದೆಂದು ಅಳಿಸಿಬಿಟ್ಟೆ. ಆ ಮಳೆಗಾಲದಲ್ಲಿ ಮನೆ ಸೋರಿ ವಹಿ ತೊಯ್ದು, ಮಸಿ ಹರಡಿಹೋಯಿತು. ಆ್ಯಪ್ ತೆರೆದರೆ ಚಿತ್ರ ಇರಬೇಕಾದಲ್ಲಿ ಬರೀ ಬಿಳಿ ಚೌಕ. ಡೇಟಾಬೇಸಿನಲ್ಲಿ ಇದ್ದದ್ದು ಪುಟಗಟ್ಟಲೆ ಇಂಗ್ಲಿಷ್ ಅಕ್ಷರ, ಅಂಕಿ. “ನನ್ನ ಹಾಡು ಎಲ್ಲಿ ಹೋದ್ವೋ ತಮ್ಮಾ?” ಅಂತ ಅವ್ವ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ.

2. ಸಂಕೇತದ ಲೆಕ್ಕ

ಆ ಅಕ್ಷರರಾಶಿಯೇ ಚಿತ್ರವಾಗಿತ್ತು. ಚಿತ್ರದ ಕಡತವೆಂದರೆ ಬೈಟ್‌ಗಳ ಸಾಲು; ಒಂದು ಬೈಟ್ ಅಂದರೆ 0 ರಿಂದ 255 ರೊಳಗಿನ ಒಂದು ಸಂಖ್ಯೆ. ಆ್ಯಪ್ ಮತ್ತು ಸರ್ವರ್ ನಡುವೆ ಓಡಾಡುವ ಜೇಸನ್ ಸಂದೇಶ ಪಠ್ಯವನ್ನಷ್ಟೇ ಹೊರುತ್ತದೆ. ಹಾಗಾಗಿ ಬೈಟ್‌ಗಳನ್ನು 64 ಸುರಕ್ಷಿತ ಚಿಹ್ನೆಗಳಲ್ಲಿ ಬರೆಯುತ್ತಾರೆ: 26 ದೊಡ್ಡ ಅಕ್ಷರ, 26 ಸಣ್ಣ ಅಕ್ಷರ, 10 ಅಂಕಿ, ಕೂಡಿಸುವ ಚಿಹ್ನೆ, ಓರೆಗೆರೆ. ಇದರ ಹೆಸರು ಬೇಸ್64.

ನಮ್ಮ ‘ಕ’ವನ್ನೇ ತಗೊಳ್ಳಿ. ಯುಟಿಎಫ್-8ರಲ್ಲಿ ಅದು ಮೂರು ಬೈಟ್: 224, 178, 149. ಅಂದರೆ 24 ಬಿಟ್. ಇದನ್ನು ಆರಾರು ಬಿಟ್‌ಗಳಾಗಿ ಒಡೆದರೆ 56, 11, 10, 21 ಬರುತ್ತವೆ. ಪಟ್ಟಿ ನೋಡಿ ಬರೆದರೆ ‘4’, ‘ಎಲ್’, ‘ಕೆ’, ‘ವಿ’. ಮೂರು ಬೈಟ್ ನಾಲ್ಕು ಚಿಹ್ನೆಯಾಯಿತು. ಗಾತ್ರ ಮೂರನೇ ಒಂದು ಪಾಲು ಹೆಚ್ಚಿತು. ಕೊನೆಯಲ್ಲಿ ಬೈಟ್ ಕಡಿಮೆ ಬಿದ್ದರೆ ಸಮ ಚಿಹ್ನೆ ಹಾಕಿ ಭರ್ತಿ ಮಾಡುತ್ತಾರೆ. ಚಿತ್ರಕ್ಕೂ ಇದೇ ಲೆಕ್ಕ.

3. ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವುದು

64 ಅಂದ ಕೂಡಲೇ ನನಗೆ ಕುಮುದೇಂದು ಮುನಿಯ ಸಿರಿಭೂವಲಯ ನೆನಪಾಯಿತು. ಅಲ್ಲಿ 27 ಅಡ್ಡ, 27 ಉದ್ದ, ಒಟ್ಟು 729 ಮನೆಗಳ ಚಕ್ರಗಳಲ್ಲಿ 1 ರಿಂದ 64 ರ ಸಂಖ್ಯೆಗಳಿವೆ. ಒಂದೊಂದು ಸಂಖ್ಯೆಗೆ ಒಂದೊಂದು ಅಕ್ಷರ. ಅದರ ಕಾಲ, ಓದುಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಬೇಸ್64ಕ್ಕೂ ಅದಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ಆದರೆ ಪಾಠ ಒಂದೇ: ಅಕ್ಷರದ ಪಟ್ಟಿ ಗೊತ್ತಿದ್ದರೆ ಸಾಲದು, ಎಲ್ಲಿಂದ ಶುರು ಮಾಡಿ ಯಾವ ದಾರಿಯಲ್ಲಿ ಓದಬೇಕೆಂಬುದೂ ಗೊತ್ತಿರಬೇಕು. ನಮ್ಮ ತಪ್ಪು ಇದ್ದದ್ದು ಅಲ್ಲೇ.

4. ಬಿಡಿಸಿದ ಬಗೆ

ನಮ್ಮ ಪಠ್ಯದ ತಲೆಯಲ್ಲಿ ‘ಡೇಟಾ, ಇಮೇಜ್, ಜೆಪೆಗ್, ಬೇಸ್64’ ಎಂಬ ವಿಳಾಸವಿತ್ತು. ಅದರ ಕೊನೆಗೆ ಅಲ್ಪವಿರಾಮ. ಬ್ರೌಸರಿಗೆ ಈ ವಿಳಾಸ ಅರ್ಥವಾಗುತ್ತದೆ. ಆಂಡ್ರಾಯ್ಡ್‌ನ ಡಿಕೋಡರ್ ಮಾತ್ರ ಅದನ್ನೂ ಚಿತ್ರದ ಭಾಗವೆಂದೇ ಓದುತ್ತದೆ. ವಿಳಾಸದಲ್ಲಿ ಪಟ್ಟಿಗೆ ಸೇರಿದ 20 ಚಿಹ್ನೆಗಳಿದ್ದವು. ಅವು ಚಿತ್ರದ ಮುಂದೆ 15 ಕಸದ ಬೈಟ್‌ಗಳಾಗಿ ಕೂತವು. ಜೆಪೆಗ್ ಕಡತ 255, 216 ರಿಂದಲೇ ಶುರುವಾಗಬೇಕು. ಆ ಗುರುತು ಸಿಗದ್ದಕ್ಕೆ ಬಿಳಿ ಚೌಕ.

ಹೀಗಾಗಿ ಮೊದಲ ಕೆಲಸ, ಅಲ್ಪವಿರಾಮದವರೆಗಿನ ಭಾಗ ಕತ್ತರಿಸುವುದು. ಆಮೇಲೆ ಉಳಿದದ್ದು ಓರೆಗೆರೆ, 9, ಸಣ್ಣ ಜೆ, ಓರೆಗೆರೆ ಎಂದು ಶುರುವಾದರೆ ಅದು ಜೆಪೆಗ್ ಎಂದು ತಿಳಿಯಬಹುದು. ನಂತರ ಪಠ್ಯವನ್ನು ಬೈಟ್ ಮಾಡಿ, ಬೈಟ್‌ಗಳನ್ನು ಬಿಟ್‌ಮ್ಯಾಪ್ ಮಾಡಿ, ಇಮೇಜ್‌ವ್ಯೂಗೆ ಒಪ್ಪಿಸಬೇಕು.

ಇನ್ನೊಂದು ಎಚ್ಚರಿಕೆ. 4000 ಅಡ್ಡ 3000 ಪಿಕ್ಸೆಲ್‌ನ ಫೋಟೊ ಬಿಚ್ಚಿಕೊಂಡಾಗ, ಪಿಕ್ಸೆಲ್‌ಗೆ 4 ಬೈಟ್‌ನಂತೆ 4.8 ಕೋಟಿ ಬೈಟ್ ಸ್ಮೃತಿ ಬೇಡುತ್ತದೆ. ನಮ್ಮ ಊರಿನ ಹಳೆ ಫೋನು ತಡೀತಾವೇನು? ಬಿಚ್ಚುವಾಗಲೇ ಎರಡೂ ಬದಿ ನಾಲ್ಕು ಪಟ್ಟು ಕುಗ್ಗಿಸಿದರೆ 30 ಲಕ್ಷ ಬೈಟ್ ಸಾಕು. ಇದನ್ನು ಮುಖ್ಯ ಎಳೆಯಲ್ಲಿ ಮಾಡದೆ ಹಿನ್ನೆಲೆಯಲ್ಲಿ ಮಾಡಬೇಕು, ಇಲ್ಲದಿದ್ದರೆ ಪರದೆ ನಿಂತುಬಿಡ್ತದೆ.

5. ಸಮಾರೋಪ

ಗ್ರಂಥ ಸಂಪಾದನೆಯಲ್ಲಿ ಲಿಪಿ ಯಾವುದು, ಗರಿಗಳ ಕ್ರಮ ಯಾವುದು ಎಂದು ಮೊದಲು ಕೇಳುತ್ತೇವೆ. ಡಿಜಿಟಲ್ ಪ್ರತಿಗೂ ಅದೇ ಶಿಸ್ತು ಬೇಕು: ಚಿತ್ರದ ಬಗೆ, ಸಂಕೇತದ ಹೆಸರು ಪಕ್ಕದಲ್ಲೇ ಬರೆದಿಡಬೇಕು, ಮೂಲ ಕಡತವನ್ನು ಬೇರೆಡೆಯೂ ಉಳಿಸಬೇಕು. ಬೇಸ್64 ಬೀಗ ಅಲ್ಲ ಅನ್ನೋದೂ ನೆನಪಿರಲಿ. ಪಟ್ಟಿ ಬಲ್ಲ ಯಾರಾದರೂ ಬಿಚ್ಚಬಹುದು, ಗುಟ್ಟು ಕಾಯಲು ಅದು ಆಗೋದಿಲ್ಲ.

ತಿದ್ದಿದ ಆ್ಯಪಿನಲ್ಲಿ ಪುಟ ಮೂಡಿದ ದಿನ ಅವ್ವ ಫೋನು ಇಸಕೊಂಡು ಎರಡು ಬೆರಳಿನಿಂದ ದೊಡ್ಡದು ಮಾಡಿದಳು. “ಇಲ್ಲೊಂದು ಸಾಲು ತಪ್ಪು ಬರದೀನಿ ನೋಡು” ಅಂದಳು. ಆ ಸಾಲನ್ನು ಅವಳು ಹೇಳಿದಂತೆ ಕೆಳಗೆ ಟಿಪ್ಪಣಿಯಾಗಿ ಸೇರಿಸಿದ್ದೇನೆ. ಪ್ರಶ್ನೆಗಳಿದ್ದರೆ ಕೇಳಿ.