ಎಲ್ಲರಿಗೂ ಇದ್ದದ್ದೇ!

ಪಿ.ಯು.ಸಿ. ಓದುವ ಮಗಳು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. "ಅಮ್ಮಾ, 'ಪ್ರೆವಲೆಂಟ್' ಅಂದ್ರೇನು ಗೊತ್ತಾ? ಎಲ್ಲೆಲ್ಲೂ ಹರಡಿಕೊಂಡಿರೋದು" ಎಂದಳು.

"ಹಾಗಾದ್ರೆ ನಮ್ಮ ಅಡುಗೆಮನೇಲಿ ಜಿರಲೆ ಪ್ರೆವಲೆಂಟ್" ಎಂದೆ. ಬಿದ್ದು ಬಿದ್ದು ನಕ್ಕಳು. ರೋಗ, ರೂಢಿ, ನಂಬಿಕೆ ಇಂಥವಕ್ಕೆ ಆ ಪದ ಹೆಚ್ಚು ಒಪ್ಪುತ್ತದಂತೆ. ಜಿರಲೆಗೆ 'ಕಾಮನ್' ಸಾಕಂತೆ. ಎಸ್.ಎಸ್.ಎಲ್.ಸಿ. ಮುಗಿಸಿ ಇಪ್ಪತ್ತೈದು ವರ್ಷ ದಾಟಿದ ನನಗೆ ಅಷ್ಟು ತಿಳಿದದ್ದೇ ಹೆಚ್ಚು!

ಆಮೇಲೆ ತಾನೇ ಬರೆದ ವಾಕ್ಯ ಓದಿದಳು: 'ಅನೀಮಿಯಾ ಈಸ್ ಪ್ರೆವಲೆಂಟ್ ಅಮಂಗ್ ವಿಮೆನ್.' ಹೆಂಗಸರಲ್ಲಿ ರಕ್ತಹೀನತೆ ವ್ಯಾಪಕವಾಗಿದೆ. ನನ್ನ ಕೈ ನಿಂತಿತು.

ಒಂದು ವರ್ಷದಿಂದ ನನಗೆ ಸುಸ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆಸುತ್ತು. ಓರಗಿತ್ತಿಗೆ ಹೇಳಿದರೆ "ಅದೆಲ್ಲ ಕಾಮನ್ ಬಿಡಕ್ಕ" ಎಂದಳು. ನಮ್ಮ ಯಜಮಾನರೂ "ಈ ವಯಸ್ಸಿಗೆ ಕಾಮನ್" ಎಂದರು. ಮುಟ್ಟಿನ ಸ್ರಾವ ಹೆಚ್ಚಾದಾಗಲೂ ಅದೇ ಮಾತು. ಸುಳ್ಳೇಕೆ, ಬೇರೆಯವರಿಗೆ ನಾನೂ ಹಾಗೇ ಹೇಳಿದವಳು. ನಮ್ಮ ಬಾಯಲ್ಲಿ ಈ 'ಕಾಮನ್' ಬಂದಾಗ 'ಎಲ್ಲರಿಗೂ ಇದೆ' ಎನ್ನುವುದರ ಹಿಂದೆಯೇ 'ಆದ್ದರಿಂದ ಚಿಂತೆಯಿಲ್ಲ' ಎನ್ನುವುದೂ ಸದ್ದಿಲ್ಲದೆ ಸೇರಿಕೊಂಡುಬಿಡುತ್ತದೆ. ಮಗಳ ಪದದಲ್ಲಿ ಆ ಸಮಾಧಾನವಿಲ್ಲ ನೋಡಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ನಮ್ಮ ಕರ್ನಾಟಕದಲ್ಲಿ ಶೇ. 47.8. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಇಷ್ಟು ಜನಕ್ಕೆ ಇದೆ ಎಂದಮಾತ್ರಕ್ಕೆ ಅದು ಕಾಯಿಲೆ ಅಲ್ಲದೆ ಹೋಗುತ್ತದೆಯೇ?

ಮಾರನೇ ದಿನವೇ ರಕ್ತಪರೀಕ್ಷೆ ಮಾಡಿಸಿದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೊಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ನನ್ನದು 8.2. ಡಾಕ್ಟರಮ್ಮ ಕಬ್ಬಿಣಾಂಶದ ಮಾತ್ರೆ ಬರೆದು, ಸ್ರಾವ ಏಕೆ ಹೆಚ್ಚಾಗಿದೆ ಎಂದು ನೋಡಲು ಸ್ಕ್ಯಾನಿಂಗ್‌ಗೂ ಕಳಿಸಿದರು. ಊಟವಾದ ಕೂಡಲೇ ಕಾಫಿ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ಇದೇ ನನಗೆ ಕಷ್ಟವಾದದ್ದು, ಮಾತ್ರೆಯಲ್ಲ! ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಒಳ್ಳೆಯದು ಎಂದರು.

ಹೋದ ವಾರ ಓರಗಿತ್ತಿಯನ್ನೂ ಎಳೆದುಕೊಂಡು ಹೋದೆ. ಅವಳದು 9.6. ಚೀಟಿ ನೋಡಿ, "ಇದು ಕಾಮನ್ ತಾನೇ ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು.

"ಕಾಮನ್ನೇ ಕಣೇ, ಅದಕ್ಕೇ ಮಾತ್ರೆ ತಗೋ" ಎಂದೆ.