ಹಗ್ಗ ಕಾಣದ ಮೂಗುದಾರ

ಇಂಗ್ಲಿಷಿನಲ್ಲಿ ‘ಲೀಡ್ ಬೈ ದ ನೋಸ್’ ಅಂತ ಒಂದು ನುಡಿಗಟ್ಟು ಇದೆ. ಮೂಗು ಹಿಡಿದು ನಡೆಸುವುದು, ಅಂದ್ರೆ ಒಬ್ಬರನ್ನು ಪೂರ್ತಿ ತಮ್ಮಿಷ್ಟದಂತೆ ಕುಣಿಸುವುದು. ನಮ್ಮ ಸಾಫ್ಟ್‌ವೇರ್ ಮೀಟಿಂಗುಗಳಲ್ಲೂ ಆಗಾಗ ಕಿವಿಗೆ ಬೀಳುತ್ತೆ. ಕೇಳಿದ ತಕ್ಷಣ ನೆನಪಾಗೋದು ಎತ್ತಿನ ಮೂಗುದಾರ, ಅಲ್ವಾ? ಮೂಲವೂ ಅಂಥದ್ದೇ. ಎತ್ತಿಗೆ ಎಷ್ಟೇ ಬಲವಿರಲಿ, ಎರಡು ಹೊಳ್ಳೆಗಳ ನಡುವಿನ ಮೆತ್ತನೆ ಭಾಗ ಬಹಳ ಸೂಕ್ಷ್ಮ. ಅಲ್ಲಿ ಹಗ್ಗವೋ ಬಳೆಯೋ ಹಾಕಿದರೆ ಸಣ್ಣ ಹುಡುಗ ಎಳೆದರೂ ಹಿಂದೆ ಬರುತ್ತೆ.

ಮನುಷ್ಯರಿಗೂ ಈ ಮಾತು ಅಂಟಿ ಬಹಳ ಕಾಲವಾಯ್ತು. ಅಸ್ಸೀರಿಯದ ಸೊಕ್ಕಿನ ರಾಜ ಸನ್ಹೇರೀಬನ ಮೂಗಿಗೆ ಕೊಕ್ಕೆ ಹಾಕಿ, ಬಂದ ದಾರಿಯಲ್ಲೇ ವಾಪಸ್ ಕಳಿಸ್ತೀನಿ ಅಂತ ದೇವರು ಹೇಳುವ ಪ್ರಸಂಗ ಬೈಬಲ್ಲಿನ ಯೆಶಾಯನ ಗ್ರಂಥದಲ್ಲಿದೆ. ಬರೀ ಉಪಮೆ ಅಂದ್ಕೋಬೇಡಿ. ಅವನ ಮಗ ಏಸರ್ಹದ್ದೋನ್, ಸೆರೆಯಾಳುಗಳನ್ನು ತುಟಿಗೆ ಬಳೆ ಪೋಣಿಸಿ ಹಗ್ಗದಲ್ಲಿ ಹಿಡಿದು ನಿಂತಿರುವ ಕೆತ್ತನೆಯ ಕಲ್ಲು ಬರ್ಲಿನ್ನಿನ ಮ್ಯೂಸಿಯಂಗೆ ಸೇರಿದೆ. ಗ್ರೀಕರಲ್ಲೂ ಈ ಮಾತಿತ್ತು. 16ನೇ ಶತಮಾನದಲ್ಲಿ ಎರಾಸ್ಮಸ್ ತನ್ನ ಗಾದೆಗಳ ಸಂಗ್ರಹಕ್ಕೆ ಇದನ್ನು ಸೇರಿಸಿದ.

ಇಂಗ್ಲಿಷಿನಲ್ಲಿ ಇದನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದು ಷೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕ. ಒಥೆಲೊನನ್ನು ಕತ್ತೆಯ ಹಾಗೆ ಮೂಗು ಹಿಡಿದು ನಡೆಸಬಹುದು ಅಂತ ಇಯಾಗೊ ಲೆಕ್ಕ ಹಾಕ್ತಾನೆ. (ಕತ್ತೆಗೆ ಮೂಗುದಾರ ಹಾಕಿದ್ದನ್ನು ನಾನಂತೂ ನೋಡಿಲ್ಲ!) ಗಮನಿಸಿ, ಇಯಾಗೊ ಎಲ್ಲೂ ಜೋರು ಮಾಡಲ್ಲ. ಅರ್ಧ ಮಾತು ಆಡಿ ನಿಲ್ಲಿಸ್ತಾನೆ, ಅನುಮಾನ ಬಿತ್ತುತ್ತಾನೆ, ಕಳೆದುಹೋದ ಒಂದು ಕರವಸ್ತ್ರವನ್ನು ಸಾಕ್ಷಿ ಮಾಡ್ತಾನೆ. ಒಥೆಲೊ ಅವನನ್ನು ಪ್ರಾಮಾಣಿಕ ಅಂತಲೇ ನಂಬಿ, ಕಟ್ಟಿಕೊಂಡ ಹೆಂಡತಿಯನ್ನೇ ಕೊಲ್ಲುತ್ತಾನೆ.

ನಮ್ಮ ಕನ್ನಡದ ಮೂಗುದಾರ ಸ್ವಲ್ಪ ಬೇರೆ. ‘ಮದುವೆ ಮಾಡಿ, ಮೂಗುದಾರ ಬೀಳುತ್ತೆ’ ಅಂತ ಮನೆಯಲ್ಲಿ ನನಗೂ ಹೇಳ್ತಾರೆ. ಅದು ಪುಂಡು ಹೋರಿಯನ್ನು ಹದ್ದಿಗೆ ತರುವ ಮಾತು. ಹಗ್ಗ ಎಲ್ಲರ ಕಣ್ಣಿಗೂ ಕಾಣುತ್ತೆ, ಹೋರಿಗೂ ಗೊತ್ತಿರುತ್ತೆ. ಇಂಗ್ಲಿಷಿನದರಲ್ಲಿ ಎಳೆಸಿಕೊಂಡವರಿಗೇ ಎಳೆತ ಗೊತ್ತಾಗಲ್ಲ. ನನಗೆ ಭಯವಾಗೋದು ಈ ಎರಡನೆಯದು.

ನನ್ನ ಪರಿಚಯದ ಒಬ್ಬಾಕೆ ನನ್ನಷ್ಟೇ ಓದಿದವಳು, ನನಗಿಂತ ಹೆಚ್ಚು ಸಂಬಳ. ಎಟಿಎಂ ಕಾರ್ಡು, ಫೋನಿನ ಪಾಸ್‌ವರ್ಡು ಎಲ್ಲ ಗಂಡನ ಹತ್ತಿರ. ಹಳೆ ಸ್ನೇಹಿತೆಯರು ‘ಸರಿಯಿಲ್ಲ’ ಅಂತ ಅವನು ಮೆಲ್ಲಗೆ ಹೇಳಿದ ಮೇಲೆ ಒಬ್ಬೊಬ್ಬರನ್ನಾಗಿ ಬಿಟ್ಟಳು. ಯಾಕೆ ಅಂತ ಕೇಳಿದರೆ, ‘ನಾನೇ ತೀರ್ಮಾನ ಮಾಡಿದ್ದು ಕಣೋ, ಅವರು ಒಂದು ದಿನವೂ ಬಲವಂತ ಮಾಡಿಲ್ಲ’ ಅಂತಾಳೆ.